ಸೊಂಟದ ಹಗ್ಗ

ಹಗ್ಗವನ್ನು ಹನುಮವ್ವ ತನ್ನ ಹಳೆಯ ಇಳಕಲ್ ಸೀರೆಯಿಂದ ಹೆಣೆದಿದ್ದಳು. ಸೀರೆಯನ್ನು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಹರಿದು, ಜಡೆ ಹಾಕಿದಂತೆ ಬಿಗಿಯಾಗಿ ನೇಯ್ದದ್ದು. ಒಂದು ತುದಿ ಮಗಳು ಸವಿತಾಳ ಸೊಂಟಕ್ಕೆ. ಇನ್ನೊಂದು ತುದಿ, ಕೆಲಸ ನೆಲದ ಮೇಲಿದ್ದರೆ ಹನುಮವ್ವನ ಸೊಂಟಕ್ಕೆ; ಸಿಮೆಂಟಿನ ಬಾಂಡಲಿ ಹೊತ್ತು ಮೇಲೆ ಹತ್ತುವುದಿದ್ದರೆ ಕಟ್ಟಡದ ಕಂಬಕ್ಕೆ.

ಕಟ್ಟಡದ ಕೆಲಸಕ್ಕೆ ಬರುವ ತಾಯಂದಿರಿಗೆ ಇದು ಹೊಸದಲ್ಲ. ಅಂಬೆಗಾಲಿಡುವ ಕೂಸು ನೀರಿನ ತೊಟ್ಟಿಗೆ ಬೀಳದಿರಲಿ, ಕಬ್ಬಿಣದ ಸರಳಿನ ಮೇಲೆ ಉರುಳದಿರಲಿ ಎಂದು ಎಲ್ಲರೂ ಕಟ್ಟುತ್ತಾರೆ. ಕೂಗಿದರೆ ನಿಲ್ಲುವಷ್ಟು ಬುದ್ಧಿ ಬಂದ ಮೇಲೆ ಬಿಚ್ಚುತ್ತಾರೆ. ಹನುಮವ್ವ ಬಿಚ್ಚಲಿಲ್ಲ. 2003ರ ಮಳೆಗಾಲ ಶುರುವಾಗುವಾಗ ಸವಿತಾಳಿಗೆ ಎಂಟು ವರ್ಷ. ಆಗಲೂ ಅವಳ ಸೊಂಟದಲ್ಲಿ ಹಗ್ಗವಿತ್ತು. ಮಗಳು ಬೆಳೆದಂತೆ ಅದಕ್ಕೂ ಒಂದೊಂದು ಸೀರೆ ಸೇರಿ ಹಗ್ಗ ಉದ್ದವಾಗಿತ್ತು, ಅಷ್ಟೆ.

ಅವಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದದ್ದು ಕಾಪುವಿನಲ್ಲಿ. ಹನುಮವ್ವ ಮತ್ತು ಗಂಡ ಮಾನಪ್ಪ ಕುಷ್ಟಗಿ ಕಡೆಯಿಂದ ಕರಾವಳಿಗೆ ಬಂದು ಆಗಷ್ಟೇ ಒಂದು ಮಳೆಗಾಲ ಕಳೆದಿತ್ತು. ದೀಪಸ್ತಂಭದ ಕಡೆಗೆ ಹೋಗುವ ದಾರಿಯ ಬದಿ ಒಂದು ಮದುವೆ ಹಾಲ್ ಏಳುತ್ತಿತ್ತು. ಸ್ಲ್ಯಾಬಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚುವಾಗ ಕಬ್ಬಿಣದ ಹಾಳೆಯೊಂದು ಮೇಲಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಸಿಮೆಂಟ್ ಕಲಸುತ್ತಿದ್ದವರು ತಿರುಗಿದರು. ರಸ್ತೆಯಲ್ಲಿ ಹೋಗುತ್ತಿದ್ದ ಮೀನಿನ ಹೆಂಗಸು ತಲೆಯ ಬುಟ್ಟಿ ಹಿಡಿದುಕೊಂಡು ನಿಂತಳು. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಹಾಳೆ ಬಿದ್ದ ಜಾಗದ ಪಕ್ಕದಲ್ಲೇ, ಅದಕ್ಕೆ ಬೆನ್ನು ಹಾಕಿ, ಮರಳಿನಲ್ಲಿ ಗುಂಡಿ ತೋಡುತ್ತಿದ್ದ ಮೂರು ವರ್ಷದ ಸವಿತಾ ತಲೆ ಎತ್ತಲಿಲ್ಲ. ಗುಂಡಿಗೆ ಇನ್ನೊಂದು ಮುಷ್ಟಿ ಮರಳು ಹಾಕಿದಳು.

ಮಗುವಿಗೆ ಗಾಯವಾಗಿಲ್ಲ ಎಂದು ಎಲ್ಲರೂ ದೇವರ ಹೆಸರು ಹೇಳಿದರು. ಹನುಮವ್ವ ನೋಡಿದ್ದು ಎತ್ತದ ಆ ತಲೆಯನ್ನು. ಸಂಜೆ ಶೆಡ್ಡಿನೊಳಗೆ ಮಗಳ ಹಿಂದೆ ಕೂತು ತಟ್ಟೆ ಬಡಿದಳು. ಚೊಂಬು ಬಡಿದಳು. ಕೊನೆಗೆ ಬಾಯಿಗೆ ಬಂದಂತೆ ಕೂಗಿದಳು.

"ಮೊಂಡ ಐತಿ, ತಿರುಗವಲ್ದು" ಎಂದ ಮಾನಪ್ಪ.

"ಮೊಂಡ ಅಲ್ಲ" ಎಂದಳು ಹನುಮವ್ವ.

ಅಂದಿನಿಂದ ಅವಳ ಹೆದರಿಕೆಗೆ ಒಂದು ಆಕಾರ ಬಂತು. ಹಿಂದಿನಿಂದ ಬರುವುದು ಯಾವುದೂ ಈ ಮಗುವಿಗೆ ಗೊತ್ತಾಗುವುದಿಲ್ಲ. ನಾಯಿ, ಲಾರಿ, ಬೀಳುವ ಹಲಗೆ, "ಸರಿಯವ್ವ" ಎನ್ನುವ ಮನುಷ್ಯ. ಎದುರಿಗೆ ಬಂದದ್ದು ಮಾತ್ರ ಅವಳ ಲೋಕ. ಬೆನ್ನ ಹಿಂದಿನ ಲೋಕವನ್ನು ಹನುಮವ್ವನೇ ಕಾಯಬೇಕು.

ಕಾಪುವಿನ ಕೆಲಸ ಮುಗಿದು ಮೇಸ್ತ್ರಿಯ ಹಿಂದೆ ಮಣಿಪಾಲಕ್ಕೆ ಬಂದಾಗ ಆ ಹೆದರಿಕೆ ಇಮ್ಮಡಿಯಾಯಿತು. ಗುಡ್ಡದ ಇಳಿಜಾರಿನಲ್ಲಿ ವಿದ್ಯಾರ್ಥಿಗಳಿಗಾಗಿ ಐದಂತಸ್ತಿನ ವಸತಿ ಕಟ್ಟಡ. ಕೆಳಗೆ ತಗಡಿನ ಶೆಡ್ಡುಗಳು. ಎದುರಿನ ರಸ್ತೆಯಲ್ಲಿ ಕಾರ್ಕಳ ಕಡೆಯಿಂದ ಜಲ್ಲಿ ತುಂಬಿದ ಟಿಪ್ಪರುಗಳು ಏರಿ ಬರುತ್ತವೆ, ತಿರುವಿನಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಇಳಿಯುತ್ತವೆ. ಆ ಬಸ್ಸುಗಳು ಬ್ರೇಕಿಗಿಂತ ಹೆಚ್ಚು ಹಾರ್ನನ್ನೇ ನಂಬಿ ಓಡುತ್ತಿದ್ದವು. ಮೊದಲು ಹಾರ್ನ್ ಬರುತ್ತದೆ, ಜನ ಸರಿಯುತ್ತಾರೆ, ಆಮೇಲೆ ಬಸ್ಸು ಬರುತ್ತದೆ. ಹನುಮವ್ವ ರಸ್ತೆಯ ಬದಿ ನಿಂತು ಇದನ್ನು ನೋಡಿದಳು. ತನ್ನ ಮಗಳಿಗೆ ಮೊದಲು ಬರುವುದೇ ಬಸ್ಸು ಎಂದು ಯೋಚಿಸಿದಳು. ಅವತ್ತೇ ಇನ್ನೊಂದು ಸೀರೆ ಹರಿದಳು.

ಹಗ್ಗ ಬರೀ ಕಟ್ಟಿ ಹಾಕುವುದಕ್ಕೆ ಮಾತ್ರ ಉಳಿಯಲಿಲ್ಲ. ಒಮ್ಮೆ ಎಳೆದರೆ "ಇತ್ತ ನೋಡು". ಎರಡು ಸಲ ಎಳೆದರೆ "ಬಾ". ಬಿಡದೆ ಜಗ್ಗಿ ಹಿಡಿದರೆ "ಅಲ್ಲೇ ಕೂಡು". ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಬಳಕೆಯಲ್ಲಿ ಬಂದದ್ದು. ಸವಿತಾಳೂ ಆ ಕಡೆಯಿಂದ ಎಳೆಯುತ್ತಿದ್ದಳು. ಹಸಿವಾದರೆ, ಬಾಯಾರಿದರೆ, ಕೆಲವೊಮ್ಮೆ ಸುಮ್ಮನೆ. ಸುಮ್ಮನೆ ಎಳೆದಾಗಲೂ ಹನುಮವ್ವ ಕೈಯ ಕೆಲಸ ಬಿಟ್ಟು ತಿರುಗುತ್ತಿದ್ದಳು.

ಶಾಲೆಗೆ ಬಾರದ ಮಕ್ಕಳನ್ನು ಹುಡುಕುತ್ತ ಗ್ಲ್ಯಾಡಿಸ್ ಟೀಚರ್ ಸೈಟಿಗೆ ಬಂದದ್ದು ಜೂನ್ ತಿಂಗಳ ಒಂದು ಬುಧವಾರ. ಅವರು ಕಾಪುವಿನವರು. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಸಾಮಾನ್ಯ ಶಾಲೆಗೇ ಸೇರಿಸಿ ಕಲಿಸಬೇಕೆಂಬ ಯೋಜನೆಯಲ್ಲಿ, ದಿನಕ್ಕೊಂದು ಶಾಲೆಯಂತೆ ಬಸ್ಸಿನಲ್ಲಿ ಸುತ್ತುವ ಕೆಲಸ ಅವರದು. ಕೊಡೆಯಿಂದ ನೀರು ಇಳಿಯುತ್ತಿರುವಾಗಲೇ ಕಂಬದ ಬುಡದಲ್ಲಿ ಕೂತಿದ್ದ ಹುಡುಗಿಯನ್ನು ಕಂಡು ನಿಂತರು.

"ಎಂತ ಇದು? ಇಷ್ಟು ದೊಡ್ಡ ಹುಡುಗಿಯನ್ನು ದನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ!"

"ದನಕ್ಕ ಕಿವಿ ಕೇಳತಾವ್ರೀ ಅಕ್ಕೋರ" ಎಂದಳು ಹನುಮವ್ವ.

ಗ್ಲ್ಯಾಡಿಸ್ ಕೊಡೆ ಮಡಚಿ ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತರು. ಸವಿತಾ ಅವರ ಮೂಗಿನ ಮೇಲಿನ ಮಳೆಹನಿಯನ್ನು ಬೆರಳಿನಿಂದ ಒರೆಸಿದಳು.

"ಯಾರಿಗಾದರೂ ತೋರಿಸಿದ್ದೀರಾ?"

"ತೋರ್ಸೀವ್ರೀ. ಮನೆ ದೇವರಿಗೆ."

"ಡಾಕ್ಟರಿಗೆ ಅಲ್ವಾ ತೋರಿಸುವುದು! ಇಲ್ಲೇ ಮೇಲೆ ಅಷ್ಟು ದೊಡ್ಡ ಆಸ್ಪತ್ರೆ ಉಂಟು."

"ಅಲ್ಲಿ ಗ್ವಾಡಿಗೆ ಕಲ್ಲು ಹೊತ್ತೀನ್ರೀ. ಒಳಗ ಹೋಗಿಲ್ಲ."

ಗುಡ್ಡದ ಕೆಳಗಿನ ಸರಕಾರಿ ಶಾಲೆಗೆ ಸವಿತಾಳನ್ನು ಕಳಿಸಬೇಕು ಎಂದರು ಗ್ಲ್ಯಾಡಿಸ್. ಬೇರೆ ಶಾಲೆ ಅಲ್ಲ, ಹಾಸ್ಟೆಲ್ ಅಲ್ಲ, ಎಲ್ಲ ಮಕ್ಕಳ ಜೊತೆಗೇ. ಮೊದಲ ಬೆಂಚು. ಪಾಠ ಮಾಡುವವರು ಹಲಗೆಗೆ ಮುಖ ಮಾಡಿ ಮಾತಾಡಬಾರದು, ಅವಳ ಕಡೆ ತಿರುಗಿ ಹೇಳಬೇಕು. ಚಿತ್ರ ನೋಡಿ, ತುಟಿ ನೋಡಿ, ಕೈ ಸನ್ನೆ ನೋಡಿ ಕಲಿಯುತ್ತಾಳೆ. ಬುಧವಾರ ಬುಧವಾರ ನಾನೇ ಬಂದು ಕೂರಿಸಿಕೊಂಡು ಕಲಿಸುತ್ತೇನೆ.

ಹನುಮವ್ವ ಎಲ್ಲವನ್ನೂ ಕೇಳಿಸಿಕೊಂಡಳು. "ಓದೋದು ಬ್ಯಾಡ್ರೀ ಅಕ್ಕೋರ. ಓದದಿದ್ರ ಯಾರೂ ಸಾಯಂಗಿಲ್ಲ. ಆ ರಸ್ತೆದಾಗ ನಡದ್ರ ಸಾಯತಾಳ."

ಒಪ್ಪಿಸಿದ್ದು ಟೀಚರ್ ಅಲ್ಲ, ಮೇಸ್ತ್ರಿ ದೇವದಾಸ. ಉಡುಪಿಯ ಕಡಿಯಾಳಿಯವನಾದರೂ ಕೆಲಸಕ್ಕಾಗಿ ಸೈಟಿನ ಮೇಲಿನ ತಿರುವಿನಲ್ಲೇ ಬಾಡಿಗೆ ಮನೆ ಮಾಡಿದ್ದ. "ನೋಡು ಹನುಮವ್ವ, ಸೈಟಿನಲ್ಲಿ ಮಕ್ಕಳನ್ನು ಕಟ್ಟಿ ಹಾಕಿದ್ದಾರೆ ಅಂತ ಯಾರಾದರೂ ಬರೆದು ಹಾಕಿದರೆ ನನ್ನ ತಲೆಗೆ ಬರುತ್ತದೆ. ನನ್ನ ಚೈತಾಲಿ ಅದೇ ಶಾಲೆ, ಅದೇ ಎರಡನೇ ಕ್ಲಾಸು. ಕಳಿಸು ಮಾರಾಯ್ತಿ. ಇಲ್ಲದಿದ್ದರೆ ನೀವು ಬೇರೆ ಸೈಟು ನೋಡಿಕೊಳ್ಳಬೇಕಾಗುತ್ತದೆ."

ಹೀಗೆ ಒಂದು ಹೆದರಿಕೆಯನ್ನು ಇನ್ನೊಂದು ಹೆದರಿಕೆ ಒತ್ತಿ ಹಿಡಿಯಿತು. ಸವಿತಾ ಶಾಲೆಗೆ ಹೋದಳು.

ಮೊದಲ ದಿನ ಹನುಮವ್ವ ಹಗ್ಗವನ್ನೂ ಒಯ್ದಿದ್ದಳು. ಬೆಂಚಿನ ಕಾಲಿಗೆ ಕಟ್ಟಿಕೊಳ್ಳಿರಿ ಎಂದು ಕ್ಲಾಸಿನ ಟೀಚರ ಕೈಗೆ ಕೊಡಹೋದಳು. ಅವರು ಕೈ ಹಿಂದೆ ತೆಗೆದುಕೊಂಡರು. ಹಗ್ಗ ಗೇಟಿನಿಂದ ಈಚೆ ಬರುವ ಹಾಗಿಲ್ಲ ಎಂದು ಗ್ಲ್ಯಾಡಿಸ್ ಖಡಾಖಂಡಿತವಾಗಿ ಹೇಳಿದರು. ಕೊನೆಗೆ ಗೇಟಿನವರೆಗೆ ಹಗ್ಗ ಎಂದಾಯಿತು. ಬೆಳಿಗ್ಗೆ ಗೇಟಿನಲ್ಲಿ ಬಿಚ್ಚುವುದು, ಸಂಜೆ ಅರ್ಧ ಗಂಟೆ ರಜೆ ಕೇಳಿ ಇಳಿದು ಬಂದು ಗೇಟಿನಲ್ಲಿ ಕಟ್ಟುವುದು.

ಗೇಟಿನ ಬಳಿ ಮಕ್ಕಳು ಕುಣಿದು ಕೂಗುತ್ತಿದ್ದರು: "ಏಡ್ ಬತ್ತ್ಂಡ್! ಏಡ್ ಬತ್ತ್ಂಡ್!" ತುಳು ತಿಳಿಯದ ಹನುಮವ್ವ, ಬಂದೆಯಾ ಎಂದು ಕೇಳುತ್ತಿರಬೇಕು ಎಂದುಕೊಂಡಳು. ಒಂದು ದಿನ ದೇವದಾಸನನ್ನು ಕೇಳಿದಳು. ಅವನು ಬೀಡಿ ಹಚ್ಚುವ ನೆಪದಲ್ಲಿ ಮುಖ ತಿರುಗಿಸಿದ.

"ಆಡು ಬಂತು ಅಂತ. ಮಕ್ಕಳು ಅಲ್ವಾ... ಬಿಡು."

ಹನುಮವ್ವ ಬಿಡಲಿಲ್ಲ, ಅದನ್ನು ಒಳಗೆ ಇಟ್ಟುಕೊಂಡಳು. ಶಾಲೆ ನಡೆಯುವ ಹೊತ್ತಿನಲ್ಲಿ ಅವಳ ಕಣ್ಣು ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ. ಮೂರನೇ ಅಂತಸ್ತಿನಿಂದ ನೋಡಿದರೆ ಶಾಲೆಯ ಹೆಂಚು ಕಾಣುತ್ತಿತ್ತು, ಅಂಗಳ ಕಾಣುತ್ತಿರಲಿಲ್ಲ. ಬರಿ ಸೊಂಟಕ್ಕೆ ಆಗಾಗ ಕೈ ಹೋಗುತ್ತಿತ್ತು. ಹಗ್ಗ ಇರಬೇಕಾದ ಜಾಗದಲ್ಲಿ ಯಾರೋ ಎಳೆದಂತಾಗಿ ತಿರುಗಿ ನೋಡುತ್ತಿದ್ದಳು.

ಆಗಸ್ಟಿನಲ್ಲಿ ಗ್ಲ್ಯಾಡಿಸ್ ತಾವೇ ಮುಂದೆ ನಿಂತು ಸವಿತಾಳ ಕಿವಿ ಪರೀಕ್ಷೆ ಮಾಡಿಸಿದರು. ಉಡುಪಿಯ ಶಿಬಿರವೊಂದರಲ್ಲಿ ಶ್ರವಣಯಂತ್ರ ಸಿಕ್ಕಿತು: ಎದೆಯ ಮೇಲೆ ಪಟ್ಟಿಯಿಂದ ಕಟ್ಟುವ ಪುಟ್ಟ ಪೆಟ್ಟಿಗೆ, ಅದರಿಂದ ಒಂದು ಕಿವಿಗೆ ವೈರು. ಮಾನಪ್ಪ ಶೆಡ್ಡಿನ ಹಿಂದೆ ನಿಂತು ಖಾಲಿ ಡಬ್ಬ ಬಡಿದ. ಸವಿತಾ ಬೆಚ್ಚಿ ಎದೆಯ ಪೆಟ್ಟಿಗೆ ಹಿಡಿದುಕೊಂಡಳು.

"ಕೇಳತೈತಿ! ಕೇಳತೈತಲೇ!" ಮಾನಪ್ಪ ಡಬ್ಬ ಬಡಿಯುತ್ತಲೇ ಶೆಡ್ಡಿನ ಸುತ್ತ ಓಡಿದ. ಅಕ್ಕಪಕ್ಕದವರೆಲ್ಲ ಬಂದು ಒಬ್ಬೊಬ್ಬರಾಗಿ ಅವಳ ಹೆಸರು ಕೂಗಿ ನೋಡಿದರು.

ಗ್ಲ್ಯಾಡಿಸ್ ಹೇಳಿ ಕಳಿಸಿದ್ದು ಬೇರೆ. ಇದು ಕನ್ನಡಕದ ಹಾಗಲ್ಲ, ಹಾಕಿದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ದೊಡ್ಡ ಸದ್ದು ಬರುತ್ತದೆ, ಆದರೆ ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದಿಲ್ಲ. ಕಲಿಯಬೇಕು. ವರ್ಷಗಳೇ ಬೇಕು. ಡಬ್ಬದ ಸದ್ದಿನಲ್ಲಿ ಈ ಮಾತು ನಿಲ್ಲಲಿಲ್ಲ. ಮಾರನೆಯ ದಿನ ಮಾನಪ್ಪ ಹಗ್ಗವನ್ನು ತೆಗೆದು ಸೌದೆ ಹೊರೆ ಬಿಗಿದ. "ಇನ್ನ ಅದರ ಕೆಲಸ ಇಲ್ಲ. ಮಂದಿ ನಗತಾರ." ಹನುಮವ್ವ ತಡೆಯಲಿಲ್ಲ. ಅವಳಿಗೂ ನಂಬಬೇಕೆನಿಸಿತ್ತು. ಆದರೂ ಸಂಜೆ ಗೇಟಿಗೆ ಹೋಗುವುದನ್ನು ಬಿಡಲಿಲ್ಲ. ಹಗ್ಗದ ಬದಲು ಮಗಳ ಮುಂಗೈ ಹಿಡಿಯುತ್ತಿದ್ದಳು. ಕೈ ಕೆಂಪಾಗುವಷ್ಟು.

ಸೆಪ್ಟೆಂಬರಿನ ಒಂದು ದಿನ ಮಳೆಯಿಂದ ಕೆಲಸ ಬೇಗ ನಿಂತಿತು. ಹನುಮವ್ವ ಹೊತ್ತಿಗೆ ಮುಂಚೆ ಶಾಲೆಗೆ ಇಳಿದಳು. ಆಟದ ಬಿಡುವು. ಕೆಂಪುಕಲ್ಲಿನ ಕಂಪೌಂಡಿನ ಮೇಲಿಂದ ಇಣುಕಿದಳು.

ಅಂಗಳದ ನಡುವೆ ಸವಿತಾ. ಅವಳ ಸೊಂಟಕ್ಕೆ ಸ್ಕಿಪ್ಪಿಂಗ್ ಹಗ್ಗ. ಇನ್ನೊಂದು ತುದಿ ದೇವದಾಸನ ಮಗಳು ಚೈತಾಲಿಯ ಕೈಯಲ್ಲಿ. ಸುತ್ತ ಮಕ್ಕಳು, "ಏಡ್! ಏಡ್!" ಚೈತಾಲಿ ಜಗ್ಗಿದಳು, ಸವಿತಾ ಓಡಿ ಬಂದಳು. ಇನ್ನೊಮ್ಮೆ ಜಗ್ಗಿ ಹಿಡಿದಳು, ಸವಿತಾ ನೆಲಕ್ಕೆ ಕೂತಳು. ಎಲ್ಲರೂ ಕೇಕೆ ಹಾಕಿದರು. ಮಗಳ ಮುಖ ಆ ಕಡೆಗಿತ್ತು, ಹನುಮವ್ವನಿಗೆ ಕಾಣಲಿಲ್ಲ.

ಅವಳು ಒಳಗೆ ಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಇಷ್ಟು ದಿನ ಲಾರಿಗೆ ಹೆದರಿದ್ದಳು, ಬಸ್ಸಿಗೆ ಹೆದರಿದ್ದಳು. ಮಕ್ಕಳಿಗೆ ಹೆದರಬೇಕೆಂದು ಗೊತ್ತಿರಲಿಲ್ಲ.

ಬುಧವಾರ ಗ್ಲ್ಯಾಡಿಸ್ ಬಂದಾಗ ಹೇಳಿದಳು, "ಸಾಕ್ರೀ ಅಕ್ಕೋರ. ನಾನು ಕಟ್ಟಿದ್ರ ತಪ್ಪು ಅಂದ್ರಿ. ಇಲ್ಲಿ ಹುಡುಗ್ರು ಕಟ್ಟಿ ಕುಣಸತಾರ. ನಾನು ಉಳೀಲಿ ಅಂತ ಕಟ್ಟಿದ್ದೆ, ಇವರು ನಗಾಕ ಕಟ್ಟತಾರ."

ಗ್ಲ್ಯಾಡಿಸರ ಮುಖ ಕೆಂಪಾಯಿತು. ಕ್ಲಾಸಿಗೆ ಹೋಗಿ ಮಕ್ಕಳನ್ನು ನಿಲ್ಲಿಸಿ ಬೈದರು. ಸ್ಕಿಪ್ಪಿಂಗ್ ಹಗ್ಗ ಆಫೀಸಿನ ಬೀರು ಸೇರಿತು. ಚೈತಾಲಿ ಏನೋ ಹೇಳಲು ಬಾಯಿ ತೆರೆದಳು. "ನೀನು ಮಾತಾಡಬೇಡ" ಎಂದು ಗದರಿಸಿದರು. ಸವಿತಾ ಎಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡುತ್ತ ನಿಂತಿದ್ದಳು.

ಹನುಮವ್ವನ ಮನಸ್ಸು ಬದಲಾಗಲಿಲ್ಲ. ದಸರೆಗೆ ಊರಿಗೆ ಹೋಗುವುದು, ಸವಿತಾಳನ್ನು ಅಜ್ಜಿಯ ಬಳಿ ಬಿಡುವುದು, ಅಲ್ಲಿ ರಸ್ತೆಯಲ್ಲಿ ಎತ್ತಿನ ಬಂಡಿ ಬಿಟ್ಟರೆ ಏನೂ ಬರುವುದಿಲ್ಲ. ಮಾನಪ್ಪನೂ ಹೂಂ ಅಂದ. ಅಲ್ಲಿಯವರೆಗೆ ಶಾಲೆಗೆ ಹೋಗಲಿ, ಸೈಟಿನಲ್ಲಿ ಇಟ್ಟುಕೊಂಡರೆ ದೇವದಾಸ ಬಿಡುವುದಿಲ್ಲ.

ಹೊರಡುವ ವಾರವೇ ನಾಲ್ಕನೇ ಅಂತಸ್ತಿನ ಸ್ಲ್ಯಾಬು ಬಂತು. ಸ್ಲ್ಯಾಬ್ ಹಾಕುವ ದಿನ ಯಾರಿಗೂ ರಜೆ ಇಲ್ಲ. ಕಾಂಕ್ರೀಟು ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ನಿಂತಲ್ಲಿ ಬಿರುಕು ಬಿಡುತ್ತದೆ. ಏಣಿಯುದ್ದಕ್ಕೂ ಜನ ನಿಂತು ಬಾಂಡಲಿ ಕೈಯಿಂದ ಕೈಗೆ ಏರುತ್ತದೆ. ಒಬ್ಬರು ಕದಲಿದರೆ ಇಡೀ ಸಾಲು ನಿಲ್ಲುತ್ತದೆ. ಹನುಮವ್ವ ಸಾಲಿನ ಮೇಲ್ತುದಿಯಲ್ಲಿದ್ದಳು. ಮಾನಪ್ಪ ಕೆಳಗೆ, ಕಟ್ಟಡದ ಹಿಂದೆ ಮಿಕ್ಸರ್ ಬಳಿ.

"ಶಾಲೆ ಬಿಡೋ ಹೊತ್ತಾತ್ರೀ" ಎಂದಳು ದೇವದಾಸನಿಗೆ.

"ಇವತ್ತು ಒಂದು ದಿನ ಚೈತಾಲಿಯ ಜೊತೆ ಬರುತ್ತಾಳೆ. ಎಂತ ಆಗುವುದಿಲ್ಲ. ಕೈ ನಡೆಯಲಿ, ಕೈ ನಡೆಯಲಿ!"

ಚೈತಾಲಿಯ ಹೆಸರು ಕೇಳಿ ಹನುಮವ್ವ ರಸ್ತೆಯ ಕಡೆ ತಿರುಗಿದಳು. ಬಾಂಡಲಿ ಬಂತು, ಕೊಟ್ಟಳು. ಇನ್ನೊಂದು ಬಂತು.

ಮೇಲಿಂದ ರಸ್ತೆಯ ತಿರುವು ಪೂರ್ತಿ ಕಾಣುತ್ತಿತ್ತು. ನೀಲಿ-ಬಿಳಿ ಸಮವಸ್ತ್ರದ ಮಕ್ಕಳು ಒಬ್ಬರ ಹಿಂದೊಬ್ಬರು ಏರಿ ಬರುತ್ತಿದ್ದರು. ಚರಂಡಿ ತುಂಬಿ ಹರಿಯುತ್ತಿದ್ದುದರಿಂದ ರಸ್ತೆಯ ಮೇಲೇ ನಡೆಯುತ್ತಿದ್ದರು. ಸವಿತಾಳ ಎದೆಯ ಪಟ್ಟಿ ದೂರಕ್ಕೂ ಗುರುತು ಸಿಗುತ್ತಿತ್ತು. ಸೈಟಿನ ಗೇಟಿನ ಎದುರು ಅವಳು ನಿಂತಳು. ಕಾಲ ಬಳಿ ಏನೋ ಕಂಡು ಬಗ್ಗಿದಳು.

ಅದೇ ಹೊತ್ತಿಗೆ ಜಲ್ಲಿಯ ಟಿಪ್ಪರು ಗೇಟಿನೊಳಗೆ ಬರಲು ಹಿಂದಕ್ಕೆ ಚಲಿಸತೊಡಗಿತು. ಕ್ಲೀನರು ಹುಡುಗಿ ಕಾಣದ ಆಚೆ ಬದಿಯಲ್ಲಿದ್ದ. "ಬರ್ಲಿ, ಬರ್ಲಿ."

"ಸವ್ವೀ!" ಹನುಮವ್ವ ಕೂಗಿದಳು. ಮಿಕ್ಸರಿನ ಸದ್ದಿನಲ್ಲಿ ಪಕ್ಕದಲ್ಲಿದ್ದವನಿಗೇ ಅದು ಸರಿಯಾಗಿ ಕೇಳಲಿಲ್ಲ.

ಕ್ಲೀನರಿಗೆ ಈಗ ಹುಡುಗಿ ಕಂಡಳು. ಅವನು ಟಿಪ್ಪರಿನ ಬದಿಗೆ ಬಡಿದ. ಡ್ರೈವರು ಅದನ್ನು ತಪ್ಪು ತಿಳಿದು ಹಾರ್ನ್ ಹಾಕಿದ, ಉದ್ದಕ್ಕೆ. ಆ ಸದ್ದು ಸವಿತಾಳ ಎದೆಯ ಪೆಟ್ಟಿಗೆಗೆ ಬಂತು. ಅವಳು ತಟ್ಟನೆ ಎದ್ದಳು. ಮೇಲಿನ ತಿರುವಿನ ಕಡೆ ನೋಡಿದಳು, ಅವ್ವ ಯಾವಾಗಲೂ ತೋರಿಸುತ್ತಿದ್ದ ಬಸ್ಸಿನ ದಿಕ್ಕು. ಬಸ್ಸಿಗೆ ಜಾಗ ಬಿಡಲು ಹಿಂದಕ್ಕೆ ಸರಿದಳು. ಟಿಪ್ಪರಿನ ಕಡೆಗೆ. ಇನ್ನೊಂದು ಹೆಜ್ಜೆ ಸರಿದಳು.

ಹನುಮವ್ವನ ಕೈ ಸೊಂಟಕ್ಕೆ ಹೋಯಿತು. ಎರಡು ಸಲ ಎಳೆಯುವಂತೆ ಗಾಳಿಯನ್ನು ಎಳೆಯಿತು. ಅಲ್ಲಿ ಏನೂ ಇರಲಿಲ್ಲ. ಬಾಂಡಲಿ ಏಣಿಯ ಮೇಲೆ ಉರುಳಿತು.

ರಸ್ತೆಯಲ್ಲಿ ಚೈತಾಲಿ ಕೂಗಲಿಲ್ಲ. ಓಡಿ ಬಂದು ಸವಿತಾಳ ಬ್ಯಾಗಿನಿಂದ ಜೋತಾಡುತ್ತಿದ್ದ ಪಟ್ಟಿಗೆ ಕೈ ಹಾಕಿದಳು. ಒಂದು, ಎರಡು.

ಸವಿತಾ ತಿರುಗಿ ನೋಡುವ ಮೊದಲೇ ಕಾಲು ಕಿತ್ತಳು. ಎಳೆತ ಬಂದ ಕಡೆಗೆ ನೇರವಾಗಿ ಓಡಿ ಬಂದು ಚೈತಾಲಿಯ ಮೇಲೆ ಬಿದ್ದಳು. ಇಬ್ಬರೂ ಚರಂಡಿಯ ಬದಿಯ ಕೆಸರಿಗೆ ಉರುಳಿದರು. ಟಿಪ್ಪರು ಅವಳು ನಿಂತಿದ್ದ ಜಾಗವನ್ನು ದಾಟಿ ಗೇಟಿನ ಕಂಬಕ್ಕೆ ತಾಗಿ ನಿಂತಿತು. ಒಂದು ಚಪ್ಪಲಿ ಚಕ್ರದಡಿ ಉಳಿಯಿತು.

ಹನುಮವ್ವ ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ. ಸ್ಲ್ಯಾಬಿನ ಸಾಲು ನಿಂತಿತ್ತು. ಅವಳಿಗಿಂತ ಮೊದಲೇ ಓಡಿ ಬಂದಿದ್ದ ದೇವದಾಸ ಮಗಳನ್ನು ಎತ್ತಿ ನಿಲ್ಲಿಸಿ, ಕೆಸರು ಒರೆಸುತ್ತ, ಬಾಯಿಗೆ ಬಂದಂತೆ ಡ್ರೈವರನ್ನು ಬೈಯುತ್ತಿದ್ದ. ಸವಿತಾ ಮುಷ್ಟಿ ಬಿಚ್ಚಿ ಅವ್ವನಿಗೆ ತೋರಿಸಿದಳು. ಬಗ್ಗಿ ಹೆಕ್ಕಿದ್ದು ಒಂದು ನೀಲಿ ಗೋಲಿ.

ಹನುಮವ್ವ ಚೈತಾಲಿಯ ಎದುರು ಕೂತಳು. "ನೀ ಯಾಕ ಕೂಗಲಿಲ್ಲವ್ವ?"

"ಕೂಗಿದರೆ ಅವಳಿಗೆ ಯಾವ ಕಡೆ ಅಂತ ಗೊತ್ತಾಗುವುದಿಲ್ಲ ಅಲ್ವಾ ಆಂಟಿ?" ಚೈತಾಲಿ ಮೊಣಕೈಯ ತರಚು ಗಾಯ ನೋಡಿಕೊಂಡಳು. "ಎರಡು ಸಲ ಎಳೆದರೆ ಬರಬೇಕು. ಅವಳೇ ಹೇಳಿ ಕೊಟ್ಟದ್ದು, ಏಡ್ ಆಟದಲ್ಲಿ."

"ಆ ಆಟದಾಗ?"

"ಹೌದು. ಹಗ್ಗ ಅವಳೇ ಕಟ್ಟಿಕೊಂಡದ್ದು. ಮೊದಲು ಅವಳು ಏಡು, ಆಮೇಲೆ ನಾನು, ಆಮೇಲೆ ಎಲ್ಲರೂ. ನಾವು ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ ನಿಲ್ಲಬೇಕು. ತಪ್ಪಿದವರು ಔಟು. ಅವಳು ಔಟೇ ಆಗುವುದಿಲ್ಲ!" ಮುನಿಸಿನಿಂದ ಸೇರಿಸಿದಳು: "ನೀವು ಹೇಳಿ ಹಗ್ಗ ತೆಗೆಸಿದಿರಿ. ಅದಕ್ಕೆ ಈಗ ಬ್ಯಾಗಿನ ಪಟ್ಟಿ."

ಮುಂದಿನ ಬುಧವಾರ ಗ್ಲ್ಯಾಡಿಸ್ ಬೀರು ತೆರೆಸಿ ಸ್ಕಿಪ್ಪಿಂಗ್ ಹಗ್ಗವನ್ನು ಮಕ್ಕಳಿಗೆ ಹಿಂದಕ್ಕೆ ಕೊಟ್ಟರು. ಸಂಜೆ ಶೆಡ್ಡಿಗೆ ಬಂದು ಹನುಮವ್ವ ಕೊಟ್ಟ ಚಹಾ ಕುಡಿದರು. ಊರಿಗೆ ಒಯ್ಯಲು ಕಟ್ಟಿದ್ದ ಗಂಟು ಮೂಲೆಯಲ್ಲಿತ್ತು.

"ಮತ್ತ ಹಾಂಗ ಆದರ ಏನ್ ಮಾಡ್ಲಿ ಅಕ್ಕೋರ?"

"ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ ಹನುಮವ್ವ. ನನಗೂ ಹೆದರಿಕೆ ಉಂಟು." ಅವರು ಲೋಟ ಕೆಳಗಿಟ್ಟರು. "ಊರಿನಲ್ಲಿ ಅವಳ ಹಿಂದೆ ಯಾರು ಇರುತ್ತಾರೆ?"

ಹನುಮವ್ವ ಗಂಟಿನ ಕಡೆ ನೋಡಿದಳು. ಅಜ್ಜಿಗೆ ಹಗ್ಗದ ಮಾತು ಗೊತ್ತಿಲ್ಲ. ಇಲ್ಲಿ ಒಂದು ಕ್ಲಾಸಿಗೆ ಕ್ಲಾಸೇ ಅದನ್ನು ಕಲಿತಿತ್ತು. ಗಂಟು ಒಂದು ವಾರ ಹಾಗೆಯೇ ಮೂಲೆಯಲ್ಲಿತ್ತು. ಆಮೇಲೆ ಅದರೊಳಗಿನ ಬಟ್ಟೆ ಒಂದೊಂದಾಗಿ ಹೊರಗೆ ಬಂತು.

ಕಟ್ಟಡ ಮುಗಿದಾಗ ಮೇಸ್ತ್ರಿಯ ತಂಡ ಕಾರ್ಕಳದ ಸೈಟಿಗೆ ಹೋಯಿತು. ಹನುಮವ್ವ ಹೋಗಲಿಲ್ಲ. ತಾನೇ ಕಾಂಕ್ರೀಟು ಹೊತ್ತ ಅದೇ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು. ಮಾನಪ್ಪ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಮಾಡಿದ. ಸವಿತಾ ಓದು ನಿಧಾನ, ಲೆಕ್ಕ ಚುರುಕು ಎಂದು ಟೀಚರುಗಳು ಹೇಳುತ್ತಿದ್ದರು. 2009ರಲ್ಲಿ ಅವಳು ಎಂಟನೇ ಕ್ಲಾಸಿಗೆ ಬಂದಳು. ಹೈಸ್ಕೂಲು ರಸ್ತೆಯ ಆಚೆ ಬದಿ. ಚೈತಾಲಿಯೂ ಅಲ್ಲೇ.

ಹನುಮವ್ವನ ಹೆದರಿಕೆ ಹೋಗಲಿಲ್ಲ, ಜಾಗ ಬದಲಿಸಿತು. ಟಿಪ್ಪರಿನ ಆ ದಿನದ ನಂತರ ಅವಳಿಗೆ ರಸ್ತೆ ದಾಟುವುದೇ ಆಗುವುದಿಲ್ಲ. ಬದಿಗೆ ಬಂದು ನಿಂತರೆ ಹಾರ್ನ್ ಕೇಳುತ್ತದೆ, ಒಂದಲ್ಲ, ಹತ್ತು ಕಡೆಯಿಂದ. ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನವರು ಬೈದು ಹೋಗುತ್ತಾರೆ.

ಆಗ ಸವಿತಾ ಅವಳ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಬಲಕ್ಕೆ ನೋಡುತ್ತಾಳೆ, ಎಡಕ್ಕೆ ನೋಡುತ್ತಾಳೆ, ಹಿಂದಕ್ಕೂ ತಿರುಗಿ ನೋಡುತ್ತಾಳೆ. ಒಮ್ಮೆ ಎಳೆಯುತ್ತಾಳೆ. ಹನುಮವ್ವ ಕಣ್ಣೆತ್ತಿ ಮಗಳ ಮುಖ ನೋಡುತ್ತಾಳೆ. ಸವಿತಾ ಎರಡು ಸಲ ಎಳೆಯುತ್ತಾಳೆ. ಹನುಮವ್ವ ಬರುತ್ತಾಳೆ.